ಧುಮುಕುವ ಮುನ್ನ ಬರುವ ಹಿಂಜರಿಕೆ

ಮಾನ್ಯರೇ,

ಈಜುಕೊಳದ 10 ಮೀಟರ್ ಎತ್ತರದ ಕಟ್ಟೆಯ ತುದಿಯವರೆಗೆ ಹೋಗಿ, ಕಾಲು ಕೀಳಲಾಗದೆ ಮೆಟ್ಟಿಲಿಳಿದು ಬಂದುದನ್ನು ಬರೆದು, ಆಕಾಶದಿಂದ ಧುಮುಕುವವರಿಗೆ ಭಯವೆಂಬುದೇ ಇರುವುದಿಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಇರುತ್ತದೆ, ಆದರೆ ಹೊರಗಿನವರು ಊಹಿಸುವ ಜಾಗದಲ್ಲೇ ಇರಬೇಕೆಂದಿಲ್ಲ. ಆಸ್ಟ್ರಿಯಾದ ಫೆಲಿಕ್ಸ್ ಬೌಮ್‌ಗಾರ್ಟ್ನರ್ ಅವರ ಅನುಭವವನ್ನೇ ನೋಡಿ.

2012ರ ಅಕ್ಟೋಬರ್ 14ರಂದು ಅವರು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಬಲೂನಿಗೆ ತೂಗುಹಾಕಿದ ಪುಟ್ಟ ಕೋಶದಲ್ಲಿ ಸುಮಾರು 39 ಕಿಲೋಮೀಟರ್ ಎತ್ತರಕ್ಕೇರಿ, ಅಲ್ಲಿಂದ ಧುಮುಕಿ, ಶಬ್ದದ ವೇಗವನ್ನೂ ಮೀರಿ ಬಿದ್ದರು. 1999ರಲ್ಲೇ ಕ್ವಾಲಾಲಂಪುರದ ಪೆಟ್ರೊನಾಸ್ ಗೋಪುರದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ್ದ ಅವರನ್ನು ಕಂಗೆಡಿಸಿದ್ದು ತೊಡಬೇಕಾಗಿದ್ದ ಉಡುಪು. ಅಷ್ಟು ಮೇಲೆ ಗಾಳಿಯ ಒತ್ತಡ ತೀರಾ ಕಡಿಮೆಯಾದ್ದರಿಂದ, ಒತ್ತಡ ತುಂಬಿದ ಉಡುಪಿಲ್ಲದೆ ಮನುಷ್ಯ ಬದುಕಲಾರ. ಮುಖದ ಗಾಜು ಮುಚ್ಚಿ, ತಮ್ಮ ಉಸಿರಿನ ಸದ್ದೊಂದನ್ನೇ ಕೇಳುತ್ತ ಆ ಬಿಗಿತದಲ್ಲಿ ತಾಸುಗಟ್ಟಲೆ ಕೂರುವುದು ಅವರಿಂದಾಗಲಿಲ್ಲ. 2010ರಲ್ಲಿ ಅಂಥದೊಂದು ದೀರ್ಘ ಪರೀಕ್ಷೆಯನ್ನು ಎದುರಿಸಲಾರದೆ ವಿಮಾನ ಹತ್ತಿ ಊರಿಗೆ ಮರಳಿಬಿಟ್ಟರು. ಹಾಗೆ ಹೊರಟುಬಂದದ್ದನ್ನು ಹೇಡಿತನವೆನ್ನಲು ನಾನು ಒಪ್ಪುವುದಿಲ್ಲ. ತಾಳಲಾಗದ್ದು ಯಾವುದೆಂದು ಖಚಿತವಾಗಿ ಗೊತ್ತಾದುದರಿಂದಲೇ, ಕ್ರೀಡಾ ಮನಃಶಾಸ್ತ್ರಜ್ಞರೊಬ್ಬರ ನೆರವಿನಿಂದ ಅದೊಂದನ್ನೇ ಹಿಡಿದು ಪಳಗಲು ಅವರಿಗೆ ಸಾಧ್ಯವಾಯಿತು. ಅಂತಿಮ ಜಿಗಿತಕ್ಕೆ ಮೊದಲು ಸುಮಾರು 22 ಮತ್ತು 29 ಕಿಲೋಮೀಟರ್ ಎತ್ತರಗಳಿಂದಲೂ ಧುಮುಕಿ ನೋಡಿದ್ದರು.

ಅಂದು ಆ ಕೋಶದ ಬಾಗಿಲ ಬಳಿ ನಡೆದದ್ದನ್ನು ನೀವು ವಿಶೇಷವಾಗಿ ಗಮನಿಸಬೇಕು. ನೆಲದಿಂದ ಅವರೊಡನೆ ಮಾತನಾಡುತ್ತಿದ್ದವರು, 1960ರಲ್ಲಿ 31 ಕಿಲೋಮೀಟರ್ ಎತ್ತರದಿಂದ ಧುಮುಕಿದ್ದ ಜೋ ಕಿಟಿಂಗರ್. ಆಸನವನ್ನು ಮುಂದಕ್ಕೆ ಸರಿಸುವುದು, ಪಟ್ಟಿ ಬಿಚ್ಚುವುದು, ಆಮ್ಲಜನಕದ ಕೊಳವೆ ಕಳಚುವುದು, ಹೊರಮೆಟ್ಟಿಲಿನ ಮೇಲೆ ನಿಲ್ಲುವುದು ಎಂದು ಒಂದೊಂದೇ ಕೆಲಸವನ್ನು ಅವರು ಓದಿ ಹೇಳುತ್ತ ಹೋದರು. ಹಿಂಜರಿಕೆ ಬೆಳೆಯಲು ಬೇಕಾದ ಬಿಡುವು ಅಲ್ಲಿ ಹೆಚ್ಚು ಸಿಗಲಿಲ್ಲವೆಂದು ನನಗೆ ತೋರುತ್ತದೆ. ನಿಮಗಾದರೋ, ತುದಿಯಲ್ಲಿ ನಿಂತು ಕೆಳಗೆ ನೋಡುವುದೊಂದೇ ಕೆಲಸವಿತ್ತು.

ಆದ್ದರಿಂದ ನಿಮ್ಮ ಭಯ ಎತ್ತರದ್ದೋ, ನೀರಿನ ಹೊಡೆತದ್ದೋ, ಅಥವಾ ಸುತ್ತ ನಿಂತು ನೋಡುವವರದ್ದೋ ಎಂದು ಮೊದಲು ಗುರುತಿಸಿಕೊಳ್ಳಿ. ಹೊಡೆತದ ಭಯವಾಗಿದ್ದರೆ ಅದಕ್ಕೆ ಆಧಾರವಿದೆ: 10 ಮೀಟರ್ ಮೇಲಿಂದ ಬೀಳುವ ದೇಹ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ನೀರನ್ನು ತಾಗುತ್ತದೆ, ಮೈ ಓರೆಯಾದರೆ ಬಲವಾದ ಪೆಟ್ಟು ಬೀಳಬಹುದು. ತರಬೇತುದಾರರ ಕಣ್ಣೆದುರಿನಲ್ಲಿ 3 ಮೀಟರ್ ಹಲಗೆಯಿಂದ ನೆಟ್ಟಗೆ, ಕಾಲು ಕೆಳಗಾಗಿ ನೀರಿಗಿಳಿಯುವುದನ್ನು ಕಲಿತು, ಆಮೇಲೆ 5 ಮೀಟರಿಗೆ ಹೋಗಿ. ಅಲ್ಲಿಯೂ ಮನಸ್ಸು ತಡೆದರೆ ಸಂಕೋಚಪಡದೆ ಇಳಿದು ಬಂದು, ತಡೆದದ್ದು ಏನೆಂಬುದನ್ನು ಅವರಿಗೆ ಹೇಳಿ.

– ಸಂಪಾದಕ