ಬೆಳ್ಳಿ ರೇಟಿಗೆ ಚಿನ್ನದ ಪದಕ

ಆಪ್ತಸಲಹೆಗೆಂದು ನನ್ನ ಬಳಿ ಬಂದವರೊಬ್ಬರ ಕಥೆ ಇದು; ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ನಲವತ್ತು ದಾಟಿದ ಮಾಜಿ ಓಟಗಾರ ಎಂದಿಟ್ಟುಕೊಳ್ಳಿ. ಟ್ರ್ಯಾಕ್ ಬಿಟ್ಟ ಮೇಲೆ ಹಿಡಿದ ವ್ಯಾಪಾರ ಕೈಕೊಟ್ಟಿತ್ತು, ಸಾಲ ಬೆಳೆದಿತ್ತು. ಇಂಥ ಸಮಸ್ಯೆ ಹೊತ್ತು ಬರುವವರಲ್ಲಿ ಆಟದ ಹೆಸರಷ್ಟೇ ಬೇರೆ. ಉಳಿದದ್ದು ಹೆಚ್ಚುಕಡಿಮೆ ಒಂದೇ.

ಕೂತವರೇ ಹಳೆಯ ಸಾಕ್ಸಿನೊಳಗಿಂದ ಅಂತರರಾಷ್ಟ್ರೀಯ ಕೂಟದ ಪದಕ ತೆಗೆದು ಅಂಚು ತೋರಿಸಿದರು. ರಿಬ್ಬನ್ ಕೊಂಡಿಯ ಪಕ್ಕ ಒಂದು ಗೀರು. ಅಲ್ಲಿ ಹಳದಿ ಹೋಗಿ ಒಳಗಿನ ಬಿಳುಪು ಕಾಣುತ್ತಿತ್ತು. ಚಿನ್ನದಂಗಡಿಯಲ್ಲಿ ಒರೆಗಲ್ಲಿಗೆ ಉಜ್ಜಿದ ಗುರುತು. ‘ಮೇಲೆ ಬರೀ ಲೇಪ, ಬೆಳ್ಳಿ ರೇಟಿಗಾದರೆ ತಗೋತೀವಿ ಅಂದ್ರು ಮೇಡಂ. ಇಷ್ಟು ವರ್ಷ ಷೋಕೇಸಲ್ಲಿ ಇಟ್ಟಿದ್ದು ಇದನ್ನಾ?’

ಒಲಿಂಪಿಕ್ಸ್ ಚಿನ್ನದ ಕಥೆಯೂ ಇಷ್ಟೇ. ಅದು ಶೇ 92.5ರಷ್ಟಾದರೂ ಶುದ್ಧವಾದ ಬೆಳ್ಳಿ, ಮೇಲೆ ಕನಿಷ್ಠ 6 ಗ್ರಾಂ ಚಿನ್ನದ ಲೇಪ. ಅಪ್ಪಟ ಚಿನ್ನದ ಪದಕ ಕೊಟ್ಟಿದ್ದು 1912ರ ಸ್ಟಾಕ್‌ಹೋಮ್ ಕೂಟಕ್ಕೇ ಕೊನೆ. ಇದನ್ನು ಹೇಳಿದ ಮೇಲೆ ಅವರ ಮುಖ ಸ್ವಲ್ಪ ಸಡಿಲವಾಯಿತು.

ಆದರೆ ಬೆಲೆಗಿಂತ ಮೊದಲು ಇನ್ನೊಂದನ್ನು ಕೇಳಬೇಕಿತ್ತು. ಆ ತಿಂಗಳಲ್ಲೇ ಅವರು ಸ್ಪೈಕ್ಸ್, ಜೆರ್ಸಿಗಳನ್ನು ಕಿರಿಯರಿಗೆ ಸುಮ್ಮನೆ ಹಂಚಿದ್ದರು. ಜೀವಕ್ಕಿಂತ ಹೆಚ್ಚಾಗಿ ಕಾಪಾಡಿದ ವಸ್ತುಗಳನ್ನು ಇದ್ದಕ್ಕಿದ್ದಂತೆ ಕೊಟ್ಟುಬಿಡುವುದು ಆತ್ಮಹತ್ಯೆಯ ಮುನ್ಸೂಚನೆಗಳಲ್ಲಿ ಒಂದು. ‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅವರು ಇಲ್ಲವೆಂದರು; ಚಿಕ್ಕ ಮನೆಗೆ ಹೋಗಬೇಕಾಗಿ ಬಂದು ಜಾಗ ಸಾಲದೆ ಕೊಟ್ಟದ್ದಂತೆ. ಹೌದು ಎಂದಿದ್ದರೆ ಅಂದು ಪದಕದ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ದಾರಿ ತಿರುಗಿದ್ದು ಮೂರನೇ ಭೇಟಿಯಲ್ಲಿ. ಹರಾಜಿಗೆ ಹಾಕುವುದೆಂದು ನಿರ್ಧರಿಸಿಕೊಂಡೇ ಬಂದಿದ್ದರು, ಒಂದು ಷರತ್ತಿನ ಮೇಲೆ: ‘ಹೆಸರು ಬರಬಾರದು. ಮನೇಲೂ ಗೊತ್ತಾಗಬಾರದು.’

ಹೆಸರಿಲ್ಲದ ಪದಕಕ್ಕೆ ಸಂಗ್ರಾಹಕರು ಹೆಚ್ಚು ಕೊಡುವುದಿಲ್ಲ ಎಂದು ವಿವರಿಸಿದೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಅಥ್ಲೀಟ್ ಜೆಸ್ಸಿ ಓವೆನ್ಸ್ ಗೆದ್ದ ನಾಲ್ಕು ಚಿನ್ನಗಳಲ್ಲಿ ಒಂದು 2013ರಲ್ಲಿ 14.6 ಲಕ್ಷ ಡಾಲರ್ ದಾಟಿ ಹೋಯಿತು. ಅದು ಯಾವ ಸ್ಪರ್ಧೆಯದ್ದೆಂದು ಹೇಳುವಂತಿರಲಿಲ್ಲ. ಆದರೆ ಓವೆನ್ಸ್ ಅದನ್ನು ನೃತ್ಯಗಾರ ಗೆಳೆಯ ಬಿಲ್ ರಾಬಿನ್ಸನ್‌ಗೆ ಕೊಟ್ಟದ್ದು, ಅಲ್ಲಿಂದ ಆ ಕುಟುಂಬದ ಕೈಗೆ ಬಂದದ್ದು ಸ್ಪಷ್ಟವಿತ್ತು. ಕೊಳ್ಳುವವರು ಹಣ ಕೊಡುವುದು ಯಾರ ಕೊರಳಿನಿಂದ ಯಾರ ಕೈಗೆ ಬಂತು ಎಂಬ ಆ ಸರಪಳಿಗೆ.

ಪದಕವನ್ನು ಎರಡು ಸಲ ಮಗುಚಿ ನೋಡಿ ಅವರು ಹೇಳಿದರು: ‘ಅಂಗಡಿಯವರು ಹೇಳಿದ್ದು ಬೆಳ್ಳಿ ರೇಟು. ನೀವು ಹೇಳ್ತಿರೋದು ನನ್ನ ರೇಟು. ಅದು ಬೇಕು ಅಂದ್ರೆ ಮೊದಲು ಮನೇಲಿ ಬಾಯಿ ಬಿಡಬೇಕು.’

ಆಪ್ತಸಲಹೆಗಾರರಿಗೆ ಹರಾಜಿನ ಉಸಾಬರಿ ಯಾಕೆ ಎನ್ನುವವರಿದ್ದಾರೆ. ಪದಕ ಮಾರುವುದು ತಪ್ಪೆಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಗುಟ್ಟಾಗಿ, ಅವಸರದಲ್ಲಿ ಮಾರಿದವರೇ ಆಮೇಲೆ ಕೊರಗುವುದು. ಆ ಅವಸರ ತಗ್ಗಬೇಕಾದರೆ ಲೆಕ್ಕ ಗೊತ್ತಿರಬೇಕು.

ಹಾಗಾಗಿ 30 ದಿನ ಏನನ್ನೂ ಮಾರಕೂಡದು ಎಂದೆ. ಅಷ್ಟರಲ್ಲಿ ಯಾರಿಗೆ ಎಷ್ಟು ಸಾಲ, ಬಡ್ಡಿ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಯಬೇಕು. ಮಾರಾಟದ ಹಣ ಬರೀ ಬಡ್ಡಿಗೆ ಹೋಗುವುದಾದರೆ ಪದಕವೂ ಹೋಗಿ ಸಾಲವೂ ಉಳಿಯುತ್ತದೆ. ಪದಕ, ರಿಬ್ಬನ್, ಪೆಟ್ಟಿಗೆ, ಪ್ರಮಾಣಪತ್ರ, ಕೂಟದ ಗುರುತಿನ ಚೀಟಿ ಒಂದೇ ಕಡೆ ಇರಲಿ. ಬಿಡಿಸಿ ಮಾರಿದರೆ ಬೆಲೆ ಬೀಳುತ್ತದೆ. ಪಾಲಿಶ್, ಟೂತ್‌ಪೇಸ್ಟ್ ಯಾವುದೂ ಬೇಡ: ಲೇಪ ತೆಳು, ಉಜ್ಜಿದಷ್ಟೂ ಹೋಗುತ್ತದೆ. ರಬ್ಬರ್‌ಬ್ಯಾಂಡ್ ಹಾಕಿಡಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಉಳಿದಿರುವ ಜೆರ್ಸಿ ಒಗೆಯಬೇಡಿ. ಓಟದ ದಿನದ ಫೋಟೋದಲ್ಲಿರುವ ಕಲೆ, ಹೊಲಿಗೆ, ನಂಬರಿನ ಓರೆಯನ್ನು ಬಟ್ಟೆಗೆ ತಾಳೆ ನೋಡಿಯೇ ತಜ್ಞರು ಅದು ಅಸಲಿ ಎನ್ನುವುದು. ಒರೆಗಲ್ಲಿನ ಗೀರನ್ನೂ ಮುಚ್ಚಬೇಡಿ, ವಿವರಣೆಯಲ್ಲಿ ಬರೆಸಿ.

ಹರಾಜು ಸಂಸ್ಥೆಯ ಕರಾರಿನಲ್ಲಿ ಜನ ಎಡವುವುದು ಒಂದೇ ಕಡೆ. ಪತ್ರಿಕೆಯಲ್ಲಿ ಬರುವ ಬೆಲೆಯಲ್ಲಿ ಕೊಳ್ಳುವವರು ಸಂಸ್ಥೆಗೆ ಕೊಡುವ ಶುಲ್ಕವೂ ಸೇರಿರಬಹುದು. ಕೊನೆಯ ಕೂಗು 100ಕ್ಕೆ ನಿಂತು ಸುತ್ತಿಗೆ ಬಿತ್ತು, ಕೊಳ್ಳುವವರ ಶುಲ್ಕ 20, ಮಾರುವವರ ಕಮಿಷನ್ 10 ಎಂದಿಟ್ಟುಕೊಳ್ಳಿ. ಸುದ್ದಿ 120, ಕೈಗೆ ಬರುವುದು 90. ಅದರಲ್ಲೂ ವಿಮೆ, ಫೋಟೋ ಖರ್ಚು, ತೆರಿಗೆ ಕಳೆಯಬೇಕಾಗಬಹುದು. ಕನಿಷ್ಠ ಬೆಲೆ ಬರೆಸದೆ ಸಹಿ ಹಾಕಬೇಡಿ. ಮಾರಾಟವಾಗದಿದ್ದರೆ ಖರ್ಚು ಯಾರದ್ದು, ಹಣ ಎಷ್ಟು ದಿನಕ್ಕೆ ಬರುತ್ತದೆ ಎಂದೂ ಕೇಳಿ. ಪದಕದ ಜೊತೆ ಸನ್ಮಾನವೋ ಸವಲತ್ತೋ ಬಂದಿದ್ದರೆ ಅದರ ಷರತ್ತನ್ನೂ ಓದಿ.

ಪೋಲೆಂಡಿನ ಜಾವೆಲಿನ್ ಆಟಗಾರ್ತಿ ಮರಿಯಾ ಆಂಡ್ರೆಜಿಕ್ 2021ರಲ್ಲಿ ಒಂದು ಮಗುವಿನ ಹೃದಯ ಶಸ್ತ್ರಚಿಕಿತ್ಸೆಗೆಂದು ಟೋಕಿಯೊ ಬೆಳ್ಳಿಯನ್ನು ಮಾರಿದಾಗ, ಕೊಂಡ ಕಂಪನಿಯೇ ಪದಕವನ್ನು ಅವರಿಗೆ ಬಿಟ್ಟುಕೊಟ್ಟಿತು. ಈ ಸುದ್ದಿಯನ್ನು ನಮ್ಮ ಓಟಗಾರರೂ ತಂದಿದ್ದರು. ದಾನಕ್ಕೆಂದು ಮಾರಿದಾಗ ಆದದ್ದು ಅದು. ಸಾಲ ತೀರಿಸಲು ಮಾರುವವರು ಹೋದದ್ದು ಹೋಯಿತೆಂದೇ ಲೆಕ್ಕ ಹಾಕಬೇಕು.

ಸದ್ಯಕ್ಕೆ ಸಣ್ಣ ಕೂಟಗಳ ಪದಕಗಳು ಮತ್ತು ಒಂದು ಜೆರ್ಸಿ ಮಾರಾಟಕ್ಕೆ ಹೋಗಿವೆ, ದೊಡ್ಡದು ಲಾಕರಿನಲ್ಲಿದೆ. ನಾಲ್ಕನೇ ಭೇಟಿಗೆ ಹೆಂಡತಿಯೂ ಬಂದರು. ಗಂಡ ಹೇಳುವ ಮೊದಲೇ ಆಕೆಗೆ ಅನುಮಾನವಿತ್ತಂತೆ. ಷೋಕೇಸಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಒಗೆಯುವ ಬಟ್ಟೆಯಲ್ಲಿ ಒಂದು ಸಾಕ್ಸಿಗೆ ಜೊತೆ ಇರಲಿಲ್ಲ.