ಬಾಗಿಲು ತೆರೆದಿದೆ, ಬೆಳೆಯಲು ಜಾಗವಿದೆಯೇ?

ಪ್ರಶ್ನೆ: ಮಾಹಿತಿ ತಂತ್ರಜ್ಞಾನದಿಂದಾಗಿ ಸಣ್ಣ ಉದ್ಯಮಿಯೂ ದೊಡ್ಡ ಸಂಸ್ಥೆಗೆ ಸರಿಸಾಟಿಯಾಗಿ ವ್ಯಾಪಾರ ಮಾಡಬಹುದೆಂದು ಓದುತ್ತೇವೆ. ಆದರೆ ಆನ್‌ಲೈನ್ ಹುಡುಕಾಟದಲ್ಲಿ, ಮೊಬೈಲ್ ತಂತ್ರಾಂಶದಲ್ಲಿ ಒಂದೆರಡು ಕಂಪನಿಗಳದೇ ಪಾರುಪತ್ಯ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಉತ್ತರ: ಎರಡೂ ನಿಜ, ಎರಡಕ್ಕೂ ಮೂಲ ಒಂದೇ. ಸರಕನ್ನು ಹುಡುಕುವ, ಬೆಲೆಗಳನ್ನು ಹೋಲಿಸುವ, ಗ್ರಾಹಕರನ್ನು ತಲುಪುವ ಖರ್ಚನ್ನು ತಂತ್ರಜ್ಞಾನ ಬಹಳವಾಗಿ ಇಳಿಸಿದ್ದರಿಂದ ಹೊಸಬರು ಮಾರುಕಟ್ಟೆಗೆ ಕಾಲಿಡುವುದು ಸುಲಭವಾಯಿತು. ಆದರೆ ತಂತ್ರಾಂಶದ ಮೊದಲ ಪ್ರತಿಯನ್ನು ಸಿದ್ಧಪಡಿಸಲು ಭಾರೀ ಬಂಡವಾಳ ಬೇಕು, ಆನಂತರದ ಒಂದೊಂದು ಪ್ರತಿಗೂ ತಗಲುವ ವೆಚ್ಚ ಶೂನ್ಯಕ್ಕೆ ಹತ್ತಿರ. ಇದರಿಂದ ಗ್ರಾಹಕರು ಹೆಚ್ಚಿದ್ದವರಿಗೇ ಲಾಭ ಹೆಚ್ಚು. ಜೊತೆಗೆ, ಕೊಳ್ಳುವವರು ಹೆಚ್ಚಿರುವ ಕಡೆಗೆ ಮಾರುವವರು, ಮಾರುವವರು ಹೆಚ್ಚಿರುವ ಕಡೆಗೆ ಕೊಳ್ಳುವವರು ಸೇರುತ್ತಾ ಹೋಗುವುದರಿಂದ ಮುಂದಿರುವ ಸಂಸ್ಥೆ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಜಾಲ ಪರಿಣಾಮ ಎನ್ನುತ್ತಾರೆ.

ಗಾತ್ರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮತ್ತೊಂದು ಸಂಗತಿ: ಮಾರುಕಟ್ಟೆಯನ್ನು ನಡೆಸುವವರೇ ಅಲ್ಲಿ ವ್ಯಾಪಾರಿಯೂ ಆಗಿರುವುದು. ಅಂತರ್ಜಾಲ ಜನಬಳಕೆಗೆ ಬರುವ ಮೊದಲೇ ಇದು ವಿಮಾನಯಾನದಲ್ಲಿ ಕಂಡುಬಂದಿತ್ತು. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಐಬಿಎಂ ಜೊತೆಗೂಡಿ ರೂಪಿಸಿದ್ದ ಸೇಬರ್ ಎಂಬ ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆಯನ್ನು 1976ರಿಂದ ಟ್ರಾವೆಲ್ ಏಜೆಂಟರ ಕಚೇರಿಗಳಿಗೂ ಒದಗಿಸತೊಡಗಿತು. ಇತರ ಸಂಸ್ಥೆಗಳ ವಿಮಾನಗಳೂ ಅದರಲ್ಲಿ ಕಾಣುತ್ತಿದ್ದವು, ಆದರೆ ಪರದೆಯ ಮೇಲ್ಸಾಲುಗಳಲ್ಲಿ ಒಡೆಯನ ವಿಮಾನಗಳಿಗೆ ಆದ್ಯತೆಯಿತ್ತು. ಕೆಲಸದ ಒತ್ತಡದಲ್ಲಿದ್ದ ಏಜೆಂಟರು ಹೆಚ್ಚಾಗಿ ಮೊದಲು ಕಂಡದ್ದನ್ನೇ ಕಾಯ್ದಿರಿಸುತ್ತಿದ್ದರು. ಪ್ರತಿಸ್ಪರ್ಧಿಗಳ ದೂರುಗಳ ನಂತರ, 1984ರಲ್ಲಿ ಅಮೆರಿಕದ ನಾಗರಿಕ ವಿಮಾನಯಾನ ಮಂಡಳಿಯು ಇಂಥ ಪಕ್ಷಪಾತವನ್ನು ನಿಷೇಧಿಸಿತು. 2017ರಲ್ಲಿ ಐರೋಪ್ಯ ಆಯೋಗವು ಗೂಗಲ್‌ಗೆ 242 ಕೋಟಿ ಯೂರೋ ದಂಡ ವಿಧಿಸಿದ್ದರ ಹಿಂದೆಯೂ ಇದೇ ಬಗೆಯ ಆಕ್ಷೇಪವಿತ್ತು: ಹುಡುಕಾಟದ ಫಲಿತಾಂಶಗಳಲ್ಲಿ ಅದು ತನ್ನ ಬೆಲೆ ಹೋಲಿಕೆ ಸೇವೆಯನ್ನು ಮೇಲೆ ತೋರಿಸಿ, ಎದುರಾಳಿಗಳ ಸೇವೆಗಳನ್ನು ಕೆಳಕ್ಕೆ ತಳ್ಳಿತ್ತು. ಆ ದಂಡವನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2024ರಲ್ಲಿ ಎತ್ತಿಹಿಡಿಯಿತು.

ಪ್ರಶ್ನೆ: ಹಾಗಾದರೆ ಇಂಥ ಕಂಪನಿಗಳನ್ನು ಒಡೆಯುವುದೊಂದೇ ದಾರಿಯೇ?

ಉತ್ತರ: ಅದು ಕೊನೆಯ ಉಪಾಯವಾಗಿರಲಿ ಎಂಬುದು ನನ್ನ ಅಭಿಪ್ರಾಯ. ಬಳಕೆದಾರರು ಒಂದೇ ಹೊತ್ತಿಗೆ ಎರಡು ಮೂರು ಸೇವೆಗಳನ್ನು ಬಳಸಲು ಸಾಧ್ಯವಿರುವಲ್ಲಿ ಯಜಮಾನಿಕೆ ತಾನಾಗಿ ಸಡಿಲಗೊಳ್ಳುತ್ತದೆ. ಟ್ಯಾಕ್ಸಿ ಚಾಲಕರು ಎರಡು ಆ್ಯಪ್‌ಗಳನ್ನು ತೆರೆದಿಟ್ಟುಕೊಂಡು ಯಾವುದರಲ್ಲಿ ಬಾಡಿಗೆ ಸಿಕ್ಕರೆ ಅದನ್ನು ಒಪ್ಪಿಕೊಳ್ಳುವುದು ಇದಕ್ಕೆ ಒಳ್ಳೆಯ ಉದಾಹರಣೆ. ಕಷ್ಟವಿರುವುದು ವರ್ಷಗಟ್ಟಲೆಯ ದಾಖಲೆ, ಸಂಪರ್ಕ, ಗ್ರಾಹಕರ ವಿಮರ್ಶೆಗಳೆಲ್ಲ ಒಂದೇ ಕಡೆ ಸೇರಿಹೋಗಿ, ಬಿಟ್ಟು ಹೊರಟರೆ ಅಷ್ಟನ್ನೂ ಕಳೆದುಕೊಳ್ಳಬೇಕಾದಾಗ. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸಲು ಅನೇಕ ದೇಶಗಳ ನಿಯಮಗಳು ಅವಕಾಶ ಕೊಟ್ಟಿವೆ. ಅದೇ ಹಕ್ಕು ನಮ್ಮ ದತ್ತಾಂಶಕ್ಕೂ ಸಿಗಬೇಕು. 2022ರಲ್ಲಿ ಐರೋಪ್ಯ ಒಕ್ಕೂಟ ತಂದ ಡಿಜಿಟಲ್ ಮಾರುಕಟ್ಟೆಗಳ ಕಾಯಿದೆಯು ದೊಡ್ಡ ವೇದಿಕೆಗಳ ಮೇಲೆ ಈ ಹೊಣೆಯನ್ನು ಹೊರಿಸಿದೆ, ಸ್ವಂತ ಸೇವೆಗಳಿಗೆ ಶ್ರೇಯಾಂಕದಲ್ಲಿ ಆದ್ಯತೆ ಕೊಡುವುದನ್ನೂ ನಿಷೇಧಿಸಿದೆ.