ಲೂಗರ್ ಹೋಲ್‌ಸ್ಟರ್: ಹಳೆಯದು ಹೌದು, ಅಷ್ಟು ಹಳೆಯದಲ್ಲ

ಪ್ರಶ್ನೆ: ಕೆಲಸದ ಮೇಲೆ ಸ್ಟಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಲೂಗರ್ ಎಂಬ ಜರ್ಮನ್ ಪಿಸ್ತೂಲಿನ ಕಪ್ಪು ಚರ್ಮದ ಹೋಲ್‌ಸ್ಟರ್, ಅಂದರೆ ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಚೀಲ ಕೊಂಡೆ. ಮೊದಲ ಮಹಾಯುದ್ಧದ್ದು ಅಂದರು ಮಾರಿದವರು. ಹಿಂದೆ ‘ಪಿ.08’, ‘ಜಿಎಕ್ಸ್‌ವೈ’, ಪುಟ್ಟ ಹದ್ದು, ಅದರ ಕೆಳಗೆ ‘ಡಬ್ಲ್ಯುಎಎ’ ಜೊತೆ ಒಂದು ನಂಬರ್ ಇವೆ. ವರ್ಷ ಸವೆದಿದೆ. ಮುಚ್ಚಳದ ಒಳಗೆ ಖಾಲಿ ಪಾಕೆಟ್ ಇದೆ. ಇದು ಅಸಲಿಯಾ?

ಉತ್ತರ: ಮಾರಿದವರ ಕಥೆ ಸುಳ್ಳು, ಆದರೆ ಹೋಲ್‌ಸ್ಟರ್ ಸುಳ್ಳಾಗಬೇಕಿಲ್ಲ. ಜರ್ಮನ್ ಸೇನೆ ಈ ಪಿಸ್ತೂಲನ್ನು 1908ರಲ್ಲಿ ಒಪ್ಪಿಕೊಂಡಿತು, ‘ಪಿ.08’ ಹೆಸರಿನ 08 ಅದೇ. ಮೊದಲ ಯುದ್ಧದ ಹೋಲ್‌ಸ್ಟರ್‌ಗಳಲ್ಲಿ ತಯಾರಕರ ಪೂರ್ತಿ ಹೆಸರು, ಊರು, ವರ್ಷ ಒತ್ತಿರುತ್ತಿದ್ದರು. ಯಾವ ಕಾರ್ಖಾನೆ ಏನು ಮಾಡುತ್ತಿದೆ ಅಂತ ಶತ್ರುಗಳಿಗೆ ತಿಳಿಯಬಾರದು ಅಂತ ಹೆಸರಿನ ಬದಲು ಅಕ್ಷರಗಳ ಗುಟ್ಟಿನ ಸಂಕೇತ ಬಂದಿದ್ದು ಆಮೇಲೆ. ಹೋಲ್‌ಸ್ಟರ್‌ಗಳಲ್ಲಿ ಅದು ಕಾಣಿಸುವುದು 1940-41ರ ಸುಮಾರಿನಿಂದ. ನಿಮ್ಮ ಜಿಎಕ್ಸ್‌ವೈ ಅಂದರೆ ಡ್ರೆಸ್‌ಡೆನ್‌ನ ಕ್ಲಿಂಗೆ ಸಹೋದರರು. ಹದ್ದು, ಡಬ್ಲ್ಯುಎಎ ಇನ್‌ಸ್ಪೆಕ್ಟರ್ ಒತ್ತಿದ ಮುದ್ರೆ, ಅಂದರೆ ಸೇನೆಯ ಶಸ್ತ್ರಾಸ್ತ್ರ ಕಚೇರಿ ನೋಡಿ ಪಾಸ್ ಮಾಡಿದ ಮಾಲು. ಹೀಗಾಗಿ ಎರಡನೇ ಯುದ್ಧದ್ದು. ಇದೇ ಸಂಕೇತದ ಪಕ್ಕ 1938 ಅಂತಿದ್ದರೆ ನಕಲಿ ಅಂತ ನಾನು ಮುಂದೆ ನೋಡುತ್ತಲೇ ಇರಲಿಲ್ಲ.

ಈಗ ಮುದ್ರೆಯನ್ನೇ ಅನುಮಾನಿಸಬೇಕು. ಯುದ್ಧದ ನಂತರ ಪೂರ್ವ ಜರ್ಮನಿಯ ಪೊಲೀಸರೂ ಲೂಗರ್ ಬಳಸಿದರು, ಅವರ ಹೋಲ್‌ಸ್ಟರ್‌ಗಳೂ ಸಂತೆಗೆ ಬರುತ್ತವೆ. ಅಂಥದ್ದಕ್ಕೆ ಹದ್ದು ಒತ್ತಿದರೆ ಬೆಲೆ ಏರುತ್ತದೆ, ಅಲ್ವಾ? ಹಿಟ್ಲರನ ಎಸ್‌ಎಸ್ ಪಡೆಯ ಮುದ್ರೆಯನ್ನಂತೂ ನಾನು ಪುಕ್ಕಟೆ ಕೊಟ್ಟರೂ ನಂಬಲ್ಲ.

ಒಡವೆ ಅಂಗಡಿಯವರು ಕಣ್ಣಿಗಿಡುವ ಭೂತಗನ್ನಡಿ ಇದೆಯಲ್ಲ, ಅದರಲ್ಲಿ ಅಕ್ಷರದ ಅಂಚು ನೋಡಿ. ಹೊಸ ಚರ್ಮ ಮೆತ್ತಗಿದ್ದಾಗ ಒತ್ತಿದ ಮುದ್ರೆಯ ಅಂಚು ನುಣುಪಾಗಿ ಇಳಿದಿರುತ್ತದೆ, ಹಳ್ಳದೊಳಗೂ ಅದೇ ಬಣ್ಣ, ಅದೇ ಕೊಳೆ. ಒಣಗಿದ ಹಳೇ ಚರ್ಮದ ಮೇಲೆ ಒತ್ತಿದರೆ ಒಣ ಹಪ್ಪಳಕ್ಕೆ ಬೆರಳೊತ್ತಿದ ಹಾಗೆ, ಸುತ್ತ ಸಣ್ಣ ಸೀಳು ಬಿಡುತ್ತದೆ, ತಳದಲ್ಲಿ ಹಸಿ ಕಂದು ಕಾಣುತ್ತದೆ.

ದಾರಕ್ಕೆ ಕತ್ತಲಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿಯಿರಿ. ನೀಲಿಯಾಗಿ ಫಳಫಳ ಹೊಳೆದರೆ ಯುದ್ಧಾನಂತರದ ದಾರ ಇರಬಹುದು. ಆದರೆ ಒಂದೇ ಕಡೆ ಹೊಳೆದರೆ ಯಾರೋ ರಿಪೇರಿ ಮಾಡಿಸಿದ್ದಾರೆ ಅಷ್ಟೇ. ಸೋಪು ಹಾಕಿ ತೊಳೆದಿದ್ದರೂ ಹೊಳೆಯುತ್ತದೆ, ಹಾಗಾಗಿ ಬರೀ ದೀಪ ನಂಬಬೇಡಿ. ಹಿಂದಿನ ಎರಡು ಬೆಲ್ಟ್ ಪಟ್ಟಿಗಳ ಒಳಗೆ ಬೆಲ್ಟ್ ಉಜ್ಜಿದ ಸವೆತ ಇದೆಯಾ? ಹೊರಗೆಲ್ಲ ಸವೆದು ಅಲ್ಲಿ ಮಾತ್ರ ಹೊಸದರಂತಿದ್ದರೆ ಸವೆತ ಯಾರೋ ಮಾಡಿದ್ದು.

ಖಾಲಿ ಪಾಕೆಟ್‌ಗೆ ಬೇಸರ ಬೇಡ. ಅಲ್ಲಿ ಮ್ಯಾಗಜಿನ್‌ಗೆ (ಪಿಸ್ತೂಲಿನ ಗುಂಡಿನ ಡಬ್ಬಿಗೆ) ಗುಂಡು ತುಂಬಲು, ಪಿಸ್ತೂಲು ಬಿಚ್ಚಲು ಒಂದು ಸಣ್ಣ ಉಪಕರಣ ಇಡುತ್ತಿದ್ದರು. ಸಾಮಾನ್ಯವಾಗಿ ಅದೇ ಮೊದಲು ಕಳೆದುಹೋಗುವುದು. ಪಾಕೆಟ್ ಚರ್ಮದಲ್ಲಿ ಅದರ ಆಕಾರ ಅಚ್ಚೊತ್ತಿದ್ದರೆ, ಉಪಕರಣ ಇದ್ದದ್ದಕ್ಕಿಂತ ಒಳ್ಳೆಯ ಸಾಕ್ಷಿ. ಆ ಉಪಕರಣದ ನಕಲು ಜಾಸ್ತಿ, ಬೇರೆ ಕೊಂಡು ಸುಮ್ನೆ ತುರುಕಬೇಡಿ.

ಇನ್ನೊಂದು, ಎಣ್ಣೆ ಹಚ್ಚಬೇಡಿ. ನಾನು ಒಂದು ಒಳ್ಳೆಯ ಹೋಲ್‌ಸ್ಟರ್‌ಗೆ ಹೊಳಪು ಬರಲಿ ಅಂತ ಹಚ್ಚಿದೆ, ವಾರದಲ್ಲಿ ಮುಚ್ಚಳ ಕಿವಿ ಹಾಗೆ ಜೋತುಬಿತ್ತು. ಒಣ ಬಟ್ಟೆಯಲ್ಲಿ ಒರೆಸಿ, ಒಳಗೆ ಕಾಗದ ತುಂಬಿ ಆಕಾರ ಉಳಿಸಿ, ಗಾಳಿಯಾಡುವ ಕಡೆ ಇಡಿ.